ಹದಿನೆಂಟು ಸಿಗಾರ್ ಸುತ್ತಿದೆ, ಹನ್ನೊಂದರಲ್ಲಿ ಎಳೆತವೇ ಇಲ್ಲ. ಅಚ್ಚು ಕೊಂಡರೆ ಸರಿಹೋದೀತೇ?

ಎಲೆಸುರುಳಿ:
ನಾಲ್ಕು ತಿಂಗಳಿನಿಂದ ಮನೆಯಲ್ಲೇ ಸಿಗಾರ್ ಸುತ್ತುತ್ತಿದ್ದೇನೆ. ಎಲೆ ಹರಿಯದಂತೆ ಸುತ್ತುವುದನ್ನು ಕಲಿಯುವುದರಲ್ಲೇ ಮೊದಲ ಎರಡು ತಿಂಗಳು ಕಳೆದವು. ಈಗ ನೋಡಲು ಚೆನ್ನಾಗಿಯೇ ಬರುತ್ತಿವೆ. ತೊಂದರೆ ಇರುವುದು ಒಳಗೆ. ಕಳೆದ ಸಲ ಒಂದೇ ಮಿಶ್ರಣದಲ್ಲಿ ಹದಿನೆಂಟು ಸುತ್ತಿದೆ. ಹನ್ನೊಂದರಲ್ಲಿ ಎಳೆತವೇ ಇಲ್ಲ. ಕೆನ್ನೆ ಗುಳಿ ಬೀಳುವಷ್ಟು ಎಳೆದರೂ ಹೊಗೆ ನೂಲಿನಷ್ಟು ಬರುತ್ತದೆ. ಉಳಿದ ಏಳರಲ್ಲಿ ನಾಲ್ಕು ಸುರಂಗ ಕೊರೆದವು. ನಡುವಿನ ಎಲೆ ಒಳಗೊಳಗೇ ಉರಿದುಹೋಗಿ, ಹೊರಗಿನ ಹೊದಿಕೆ ಖಾಲಿ ಕೊಳವೆಯಂತೆ ನಿಂತಿತು. ಎಲ್ಲದರಲ್ಲೂ ನಾಲಿಗೆಯ ತುದಿಯನ್ನು ಕಚ್ಚುವ ಉರಿ ಬೇರೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ಒಣ ಎಲೆಗಳನ್ನೆಲ್ಲ ಹಿಂದಿನ ರಾತ್ರಿ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೀರು ಚಿಮುಕಿಸಿ, ಬಾಯಿ ಕಟ್ಟಿಡುತ್ತೇನೆ. ಬೆಳಗಾಗುವಷ್ಟರಲ್ಲಿ ಎಲ್ಲವೂ ಮೆತ್ತಗಾಗಿರುತ್ತವೆ. ನಡುದಂಟು ಕಿತ್ತು, ಫಿಲ್ಲರ್‌ಗೆ (ಒಳಗೆ ತುಂಬುವ ಎಲೆಗೆ) ಎರಡು ಪಾಲು ಸೆಕೊ, ಒಂದು ಪಾಲು ಲಿಗೆರೊ, ಒಂದು ಪಾಲು ವೊಲಾಡೊ ಹಾಕುತ್ತೇನೆ. ಜೊತೆಗೆ ಸ್ನೇಹಿತರೊಬ್ಬರು ಕೊಟ್ಟ ಹಳದಿ ಬಣ್ಣದ, ಜೇನಿನ ವಾಸನೆಯ ಎಲೆ ಅರ್ಧ. ಬೈಂಡರ್ (ಅದನ್ನು ಕಟ್ಟಿ ಹಿಡಿಯುವ ಎಲೆ) ಸುಮಾತ್ರಾ ತಳಿ, ರ‍್ಯಾಪರ್ (ಹೊರಗಿನ ಹೊದಿಕೆ) ಕನೆಕ್ಟಿಕಟ್ ಶೇಡ್. ಸುತ್ತಿದ ಮೇಲೆ ಮೂರು ದಿನ ಡಬ್ಬಿಯಲ್ಲಿಟ್ಟು ಸೇದಿದೆ. ಅಚ್ಚು ಇಲ್ಲ, ಎಲ್ಲ ಬರಿಗೈಯ ಕೆಲಸ. ಮರದ ಅಚ್ಚು ಕೊಂಡರೆ ಈ ತೊಂದರೆ ತೀರುತ್ತದೆಯೇ?

ಅಚ್ಚುಮೆಚ್ಚು:
ಕೊಂಡುಬಿಡಿ, ಯೋಚನೆ ಬೇಡ. ಬರಿಗೈಯಲ್ಲಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗಿಯೇ ಆಗುತ್ತದೆ. ಅಚ್ಚಿನಲ್ಲಿ ಮುಕ್ಕಾಲು ಗಂಟೆ ಒತ್ತಿ, ಕಾಲು ಸುತ್ತು ತಿರುಗಿಸಿ ಮತ್ತೆ ಮುಕ್ಕಾಲು ಗಂಟೆ ಬಿಡಿ. ಬದಿಯಲ್ಲಿ ಏಣು ಮೂಡುವುದಿಲ್ಲ, ತುದಿಯಿಂದ ತುದಿಯವರೆಗೆ ದಪ್ಪ ಒಂದೇ ಸಮ ಇರುತ್ತದೆ.

ಹದಗಾರ:
ಅಚ್ಚು ಬೇಡ ಎನ್ನುವುದಿಲ್ಲ. ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಅಚ್ಚು ಆಕಾರ ಕೊಡುತ್ತದೆ, ಗಾಳಿಗೆ ದಾರಿ ಕೊಡುವುದಿಲ್ಲ. ದಾರಿಯಿಲ್ಲದ ಎಲೆಯ ಉಂಡೆಯನ್ನು ಅಚ್ಚಿಗೆ ಹಾಕಿದರೆ ಇನ್ನೂ ಗಟ್ಟಿಯಾದ ಉಂಡೆಯೇ ಹೊರಬರುತ್ತದೆ.

ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು ‘ಒಂದೇ ಚೀಲಕ್ಕೆ’ ಎಂಬಲ್ಲಿ. ಮೂರು ಕೆಲಸದ ಎಲೆಗೆ ಮೂರು ಹದ ಬೇಕು. ಹೊದಿಕೆಯ ಎಲೆ ಒದ್ದೆ ರೇಷ್ಮೆಯಂತಿರಬೇಕು. ಬೆರಳ ಮೇಲೆ ಹಾಕಿ ಎಳೆದರೆ ಸ್ವಲ್ಪ ಹಿಗ್ಗಬೇಕು, ಸದ್ದೇ ಮಾಡಬಾರದು. ಬೈಂಡರ್ ಅದಕ್ಕಿಂತ ಒಂದು ಹೆಜ್ಜೆ ಒಣಗಿರಬೇಕು. ಫಿಲ್ಲರ್ ಮಾತ್ರ ಹೆಚ್ಚುಕಡಿಮೆ ಒಣ ಎಲೆಯೇ. ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಚುಕಿ ನೋಡಿ. ಹೊಸ ನೋಟಿನಂತೆ ಸಣ್ಣಗೆ ಸರಸರ ಎನ್ನಬೇಕು, ಕೈ ಬಿಟ್ಟರೆ ಮತ್ತೆ ಅರಳಬೇಕು, ಆದರೆ ಪುಡಿ ಉದುರಬಾರದು. ಪುಡಿ ಉದುರಿದರೆ ಒಂದು ಸಲ ಉಸಿರು ಊದಿ ಐದು ನಿಮಿಷ ಬಿಡಿ, ಸಾಕು. ನೀರಿನ ಬಾಟಲಿಯನ್ನು ಅದರ ಹತ್ತಿರ ತರಲೇಬೇಡಿ.

ಒದ್ದೆ ಫಿಲ್ಲರ್ ಬೆರಳಿನ ಒತ್ತಡಕ್ಕೆ ಒಂದರ ಮೇಲೊಂದು ಅಂಟಿ ಕೂರುತ್ತದೆ, ಹಾಗೆಯೇ ಒಣಗುತ್ತದೆ. ಮೇಲಿನ ಹೊದಿಕೆ ಒಣಗುತ್ತಾ ಕುಗ್ಗಿ ಅದನ್ನು ಇನ್ನಷ್ಟು ಬಿಗಿಯುತ್ತದೆ. ಆಮೇಲೆ ಯಾರು ಎಳೆದರೂ ಗಾಳಿ ಬಾರದು.

ತಕ್ಕಡಿ:
ಒಂದೊಂದರ ತೂಕ ಎಷ್ಟು? ಅದನ್ನು ಹೇಳದೆ ಇಲ್ಲಿ ಯಾರು ಏನು ಹೇಳಿದರೂ ಊಹೆಯೇ.

ಎಲೆಸುರುಳಿ:
ತೂಕ ಮಾಡಿಲ್ಲ, ಕಣ್ಣಂದಾಜು. ಐದು ಅಂಗುಲ ಉದ್ದ, ಸುಮಾರು ಐವತ್ತರ ದಪ್ಪ.

ತಕ್ಕಡಿ:
ಅಲ್ಲೇ ಇದೆ ನೋಡಿ. ಹೊಸಬರಿಗಾಗಿ ಒಂದು ಮಾತು: ಸಿಗಾರ್ ದಪ್ಪವನ್ನು ಅಂಗುಲದ 64ನೇ ಭಾಗಗಳಲ್ಲಿ ಎಣಿಸುತ್ತಾರೆ. ಐವತ್ತು ಎಂದರೆ 50/64 ಅಂಗುಲ, ಹೆಚ್ಚುಕಡಿಮೆ 20 ಮಿಲಿಮೀಟರ್. ಕೊರೊನಾ ಎಂಬ ನಲವತ್ತೆರಡರ ತೆಳು ಸಿಗಾರ್ 17 ಮಿಲಿಮೀಟರ್‌ಗೂ ಸ್ವಲ್ಪ ಕಡಿಮೆ. ಐದು ಅಂಗುಲ, ಐವತ್ತರ ಸಿಗಾರ್‌ಗೆ (ಈ ಅಳತೆಗೆ ರೊಬುಸ್ತೊ ಎನ್ನುತ್ತಾರೆ) ನಾನು ಫಿಲ್ಲರ್ ಹಾಕುವುದು 10 ಗ್ರಾಂ. ಹನ್ನೊಂದಾದರೆ ಬಿಗಿ, ಒಂಬತ್ತಾದರೆ ಬೇಗ ಉರಿದು ಬಿಸಿಯಾಗುತ್ತದೆ. ನಿಮ್ಮ ಎಲೆಗೆ ಈ ಅಂಕಿ ಅತ್ತಿತ್ತ ಆಗಬಹುದು, ಆದರೆ ಒಂದು ಅಂಕಿ ಇರಲೇಬೇಕು. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಅಚ್ಚಿಗಿಂತ ಮೊದಲು ಬರಲಿ.

ಹದಗಾರ:
ತೂಕದ ಮಾತು ಒಪ್ಪುತ್ತೇನೆ, ಆದರೆ ಒದ್ದೆ ಎಲೆ ತೂಗಿದರೆ ತಕ್ಕಡಿಯೂ ಸುಳ್ಳು ಹೇಳುತ್ತದೆ. ಮೊದಲು ಹದ, ಆಮೇಲೆ ತೂಕ.

ಬಿಳಿಬೂದಿ:
ಎಳೆಯದ ಹನ್ನೊಂದರಲ್ಲಿ ಮೂರನ್ನು ತೆಗೆದುಕೊಂಡು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಹೊರಗಿನಿಂದ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೊರಳಿಸುತ್ತಾ ಬಂದರೂ ಗಟ್ಟಿಯಾದ ಜಾಗ ಸಿಗುತ್ತದೆ, ಆದರೆ ಸೀಳಿದಾಗ ಕಾಣುವುದು ಬೇರೆ. ಎಲೆ ಹೇಗೆ ಮಡಿಚಿಕೊಂಡಿದೆ, ಎಲ್ಲಿ ತಿರುಚಿಕೊಂಡಿದೆ, ದಂಟಿನ ಚೂರು ಎಲ್ಲಿ ಅಡ್ಡ ಬಿದ್ದಿದೆ ಎಲ್ಲವೂ ಕಣ್ಣೆದುರಿಗೆ ಬರುತ್ತದೆ. ನಾನು ಕಲಿತದ್ದೆಲ್ಲ ಸುತ್ತಿದ ಸಿಗಾರ್‌ಗಳಿಂದಲ್ಲ, ಬಿಚ್ಚಿದ ಸಿಗಾರ್‌ಗಳಿಂದ. ಸುರಂಗ ಕೊರೆದದ್ದು ಉಳಿದಿದ್ದರೆ ಅದನ್ನೂ ಸೀಳಿ.

ಹೊಸಕೈ:
ನಾನು ಇನ್ನೂ ಒಂದನ್ನೂ ಸುತ್ತಿಲ್ಲ, ಓದುತ್ತಾ ಕುಳಿತಿದ್ದೇನೆ. ಈ ಸೆಕೊ, ಲಿಗೆರೊ, ವೊಲಾಡೊ ಎಂದರೆ ಬೇರೆ ಬೇರೆ ಗಿಡಗಳೇ?

ಮೂರನೇ ಎಲೆ:
ಅಲ್ಲ, ಒಂದೇ ಗಿಡ. ಎಲೆ ಗಿಡದ ಯಾವ ಎತ್ತರದಲ್ಲಿ ಬೆಳೆಯಿತು ಎಂಬುದರ ಹೆಸರು ಅದು. ಕೆಳಗಿನ ಎಲೆ ವೊಲಾಡೊ: ತೆಳು, ರುಚಿ ಕಡಿಮೆ, ಆದರೆ ಚೆನ್ನಾಗಿ ಉರಿಯುತ್ತದೆ. ನಡುವಿನದು ಸೆಕೊ: ಪರಿಮಳದ ಹೆಚ್ಚಿನ ಭಾಗ ಇದರದು. ಮೇಲಿನದು ಲಿಗೆರೊ: ಬಿಸಿಲು ಕುಡಿದು ದಪ್ಪಗಾಗಿ, ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುವಂಥದ್ದು. ನಿಕೋಟಿನ್ ಹೆಚ್ಚು, ಉರಿಯುವುದು ನಿಧಾನ. ಸ್ಪ್ಯಾನಿಷ್‌ನಲ್ಲಿ ಲಿಗೆರೊ ಎಂದರೆ ಹಗುರ ಎಂದರ್ಥ, ಹೆಸರು ನೋಡಿ ಮೋಸಹೋಗಬೇಡಿ. ಅದನ್ನು ಯಾವಾಗಲೂ ನಟ್ಟನಡುವೆ ಇಡಬೇಕು. ಬದಿಗೆ ಸರಿದರೆ ಆ ಬದಿ ಉರಿಯದೆ ಹಿಂದೆ ಉಳಿಯುತ್ತದೆ, ಇನ್ನೊಂದು ಬದಿ ಓಡುತ್ತದೆ, ಸಿಗಾರ್ ದೋಣಿಯಂತೆ ಒಂದೇ ಕಡೆ ತೆರೆದುಕೊಳ್ಳುತ್ತದೆ.

ಇದರ ಮೇಲೆ ಊರಿನ ಮಣ್ಣು ಬೇರೆ. ನಿಕರಾಗುವಾದ ಎಸ್ತೆಲಿಯ ಎಲೆಯ ಖಾರವೇ ಬೇರೆ, ಅದೇ ದೇಶದ ಹಲಾಪಾ ಕಣಿವೆಯ ಎಲೆಯ ಸಿಹಿಯೇ ಬೇರೆ. ಹೊದಿಕೆಯಲ್ಲೂ ಹಾಗೆಯೇ. ಕನೆಕ್ಟಿಕಟ್ ಶೇಡ್ ಬಟ್ಟೆಯ ಚಪ್ಪರದ ನೆರಳಲ್ಲಿ ಬೆಳೆದದ್ದು, ಅದಕ್ಕೇ ಅಷ್ಟು ತೆಳು. ಅಮೆರಿಕದ ಅದೇ ಕನೆಕ್ಟಿಕಟ್ ಕಣಿವೆಯ ಬ್ರಾಡ್‌ಲೀಫ್ ಬಿಸಿಲಲ್ಲಿ ಬೆಳೆದು ಚರ್ಮದಂತೆ ದಪ್ಪಗಿರುತ್ತದೆ.

ಅಚ್ಚುಮೆಚ್ಚು:
ಎಲ್ಲರೂ ಸೇರಿ ಅಚ್ಚನ್ನು ಮೂಲೆಗೆ ತಳ್ಳಿದಿರಿ. ಕಾರ್ಖಾನೆಗಳಲ್ಲಿ ಹತ್ತು ಗುಳಿಯ ಮರದ ಅಚ್ಚುಗಳನ್ನು ಸಾಲಾಗಿ ಜೋಡಿಸಿ ಒತ್ತುಯಂತ್ರದಲ್ಲಿಡುವುದು ಸುಮ್ಮನೆಯೇ?

ಹದಗಾರ:
ಸುಮ್ಮನೆ ಅಲ್ಲ. ಅಲ್ಲಿ ಅಚ್ಚಿಗೆ ಹೋಗುವ ಮೊದಲೇ ಕೈ ತನ್ನ ಕೆಲಸ ಮುಗಿಸಿರುತ್ತದೆ. ನಿಮ್ಮ ಕೈಯೂ ಅದನ್ನು ಮಾಡುತ್ತಿದೆ, ಅಭ್ಯಾಸವಾದ್ದರಿಂದ ನಿಮಗೆ ಗೊತ್ತಾಗುತ್ತಿಲ್ಲ. ಈಗ ಕೇಳುತ್ತಿರುವವರ ಕೈಗೆ ಅದು ಇನ್ನೂ ಬಂದಿಲ್ಲ.

ಎಲೆಸುರುಳಿ, ನೀವು ಫಿಲ್ಲರ್ ಜೋಡಿಸುವುದು ಹೇಗೆ? ಪುಸ್ತಕದ ಹಾಳೆಯಂತೆ ಒಂದರ ಮೇಲೊಂದಿಟ್ಟು ಮಡಿಚುತ್ತೀರಾ, ಸೀರೆಯ ನೆರಿಗೆಯಂತೆ ಹಿಡಿಯುತ್ತೀರಾ, ಅಥವಾ ಪ್ರತಿ ಎಲೆಯನ್ನೂ ಕೊಳವೆಯಂತೆ ಸುರುಟಿ ಸೇರಿಸುತ್ತೀರಾ?

ಎಲೆಸುರುಳಿ:
ಒಂದರ ಮೇಲೊಂದಿಟ್ಟು ಮಡಿಚುತ್ತೇನೆ. ಆಮೇಲೆ ಗಟ್ಟಿಯಾಗಲಿ ಎಂದು ಎರಡೂ ತುದಿ ಹಿಡಿದು ಸ್ವಲ್ಪ ತಿರುಚುತ್ತೇನೆ.

ಬಿಳಿಬೂದಿ:
ತಿರುಚುತ್ತೀರಾ! ಬಟ್ಟೆ ಹಿಂಡಿದಂತೆ? ಸೀಳಿ ನೋಡಿ, ದಯವಿಟ್ಟು ಇವತ್ತೇ ಸೀಳಿ ನೋಡಿ.

ಹದಗಾರ:
ತಿರುಚುವುದನ್ನು ಈಗಲೇ ಬಿಡಿ. ಕೊಳವೆಯ ಕ್ರಮ ಕಲಿಯಿರಿ. ಅದಕ್ಕೆ ಎಂತುಬಾದೊ ಎನ್ನುತ್ತಾರೆ. ಎಡಗೈಯ ಅಂಗೈಯನ್ನು ಸ್ವಲ್ಪ ಗುಳಿ ಮಾಡಿ ಹಿಡಿಯಿರಿ. ಒಂದು ವೊಲಾಡೊ ಎಲೆಯ ಎರಡೂ ಅಂಚನ್ನು ಒಳಕ್ಕೆ ಸುರುಟಿ ಸಡಿಲ ಕೊಳವೆ ಮಾಡಿ ಅಲ್ಲಿ ಮಲಗಿಸಿ. ಪಕ್ಕದಲ್ಲಿ ಸೆಕೊ, ಹಾಗೆಯೇ. ಎಲ್ಲ ಎಲೆಗಳ ಚೂಪು ತುದಿ ಒಂದೇ ಕಡೆ, ಬೆಂಕಿ ಹಚ್ಚುವ ಕಡೆಗೆ. ಲಿಗೆರೊ ನಡುವೆ ಬರುವಂತೆ ಉಳಿದವುಗಳಿಂದ ಮುಚ್ಚಿ. ಉದ್ದ ಹೆಚ್ಚಾದ ತುದಿಯನ್ನು ಮಡಿಚಬೇಡಿ. ಮುರಿದು ತೆಗೆದು, ತೆಳುವಾಗಿರುವ ಜಾಗಕ್ಕೆ ತುಂಬಿ. ಈಗ ಇಡೀ ಕಟ್ಟನ್ನು ತುಟಿಗಿಟ್ಟು ಗಾಳಿ ಎಳೆದು ನೋಡಿ. ಬೈಂಡರ್ ಸುತ್ತುವ ಮೊದಲೇ, ಅದು ಕೈಯಲ್ಲಿರುವಾಗಲೇ. ಅಲ್ಲಿ ಧಾರಾಳವಾಗಿ ಬರದ ಗಾಳಿ ಮುಂದೆಯೂ ಬರುವುದಿಲ್ಲ.

ತಕ್ಕಡಿ:
ಆ ಹಳದಿ ಎಲೆಯ ಬಗ್ಗೆ ಯಾರೂ ಕೇಳಲಿಲ್ಲ. ಜೇನಿನ ವಾಸನೆ ಎಂದರೆ ನನಗೆ ಅನುಮಾನ.

ಮೂರನೇ ಎಲೆ:
ಅನುಮಾನವೇ ಬೇಡ, ಅದು ಸಿಗರೇಟಿನ ವರ್ಜೀನಿಯಾ. ಬಿಸಿ ಕೋಣೆಯಲ್ಲಿ ಒಂದು ವಾರದೊಳಗೆ ಒಣಗಿಸುವುದರಿಂದ ಎಲೆಯ ಸಕ್ಕರೆ ಹಾಗೆಯೇ ಉಳಿದುಬಿಡುತ್ತದೆ, ಬಣ್ಣವೂ ಹಳದಿಯಾಗಿಯೇ ನಿಲ್ಲುತ್ತದೆ. ಸಿಗಾರ್ ಎಲೆಯನ್ನು ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ಎಲೆ ನಿಧಾನವಾಗಿ ಸಾಯುತ್ತಾ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ. ಆದ್ದರಿಂದ ವರ್ಜೀನಿಯಾದ ಹೊಗೆ ಆಮ್ಲದ ಕಡೆಗೆ, ಸಿಗಾರ್ ಎಲೆಯ ಹೊಗೆ ಕ್ಷಾರದ ಕಡೆಗೆ. ನಾಲಿಗೆ ಕಚ್ಚುವುದು ಎಲ್ಲಿಂದ ಎಂದು ಇನ್ನು ಹುಡುಕುವುದು ಬೇಡ.

ನಿಧಾನಗತಿ:
ಅಷ್ಟು ಖಡಾಖಂಡಿತವಾಗಿ ಹೇಳಬೇಡಿ. ಮೂರು ದಿನಕ್ಕೆ ಸೇದಿದ್ದಾರೆ ಎಂಬುದನ್ನು ಮರೆತಿರಾ? ಒದ್ದೆಯಾಗಿ ಸುತ್ತಿದ ಸಿಗಾರ್ ಮೂರು ದಿನಕ್ಕೆ ಯಾವ ಎಲೆಯಿಂದ ಮಾಡಿದ್ದರೂ ಕಚ್ಚುತ್ತದೆ. ನಾನು ಕನಿಷ್ಠ ಆರು ವಾರ ಮುಟ್ಟುವುದಿಲ್ಲ. ಅಷ್ಟರಲ್ಲಿ ತೇವ ಒಂದಾಗುತ್ತದೆ, ಎಲೆಗಳ ವಾಸನೆ ಒಂದರೊಳಗೊಂದು ಬೆರೆಯುತ್ತದೆ. ಮಿಶ್ರಣ ಎಂಬುದು ಸುತ್ತಿದ ದಿನ ಆಗುವುದಲ್ಲ, ಡಬ್ಬಿಯೊಳಗೆ ಆಗುವುದು.

ಮೂರನೇ ಎಲೆ:
ಎರಡೂ ಇರಬಹುದು. ಅಲ್ಪಸ್ವಲ್ಪ ವರ್ಜೀನಿಯಾವನ್ನು ಬೇಕೆಂದೇ ಸೇರಿಸುವವರೂ ಇದ್ದಾರೆ, ಅದು ತಪ್ಪು ಎನ್ನುವುದಿಲ್ಲ. ಆದರೆ ಎಳೆತವೇ ಕೂಡಿಬರದವರು ಆ ಪ್ರಯೋಗ ಮಾಡಿದರೆ ಯಾವುದರ ತಪ್ಪು ಯಾವುದು ಎಂದು ತಿಳಿಯುವುದಾದರೂ ಹೇಗೆ?

ಪದಸಂಗಾತಿ:
ಫಿಲ್ಲರ್, ಬೈಂಡರ್, ರ‍್ಯಾಪರ್ ಎಂದು ಎಷ್ಟು ದಿನ ಬರೆಯುವುದು? ಹೂರಣ, ಕಟ್ಟೆಲೆ, ಹೊದಿಕೆ ಎನ್ನಬಾರದೇಕೆ? ಹದಗಾರರು ಆಗಲೇ ‘ಹೊದಿಕೆ’ ಎಂದು ಬಳಸಿದ್ದಾರೆ, ಓದಲು ಎಷ್ಟು ಸಲೀಸು. ಇಂಗ್ಲಿಷಿನ ‘ಚಿರೂಟ್’ ಎಂಬ ಮಾತೇ ತಮಿಳಿನ ‘ಸುರುಟ್ಟು’ವಿನಿಂದ ಹೋದದ್ದು, ನಮ್ಮ ‘ಸುರುಟು’ ಅದರ ಒಡಹುಟ್ಟು. ನಮ್ಮ ನಾಲಿಗೆಯ ಮಾತು ಲೋಕವೆಲ್ಲ ಸುತ್ತಿ ಬಂದಿರುವಾಗ ನಾವು ಹಿಂಜರಿಯುವುದೇಕೆ?

ಬಿಳಿಬೂದಿ:
ಹೂರಣ ಚೆನ್ನಾಗಿದೆ, ಇನ್ನು ಮುಂದೆ ಹಾಗೆಯೇ ಬರೆಯುತ್ತೇನೆ. ಕಟ್ಟೆಲೆಯೂ ಸರಿ. ಲಿಗೆರೊಗೆ ‘ತುದಿಯೆಲೆ’ ಎಂದರೆ ಎಲೆಯ ತುದಿಯೋ ಗಿಡದ ತುದಿಯೋ ಎಂಬ ಗೊಂದಲ, ಅದನ್ನು ಹಾಗೆಯೇ ಬಿಡೋಣ.

ಹೊಸಕೈ:
ಇನ್ನೊಂದು ಪ್ರಶ್ನೆ. ಸಿಗಾರ್ ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡು ಬಿಡುವುದರಿಂದ ಸಿಗರೇಟಿನಷ್ಟು ಕೆಟ್ಟದ್ದಲ್ಲ ಎನ್ನುತ್ತಾರೆ. ಮನೆಯಲ್ಲಿ ಸುತ್ತಿದ್ದಕ್ಕೆ ರಾಸಾಯನಿಕವೂ ಇಲ್ಲ. ಹಾಗಾದರೆ ಭಯವಿಲ್ಲ ಅಲ್ಲವೇ?

ಬಿಟ್ಟವನು:
ಭಯವಿದೆ. ಹನ್ನೆರಡು ವರ್ಷ ಸೇದಿ ಬಿಟ್ಟವನು ನಾನು, ಸುತ್ತುವ ಕೈಕೆಲಸದ ಮೇಲಿನ ಪ್ರೀತಿಯಿಂದ ಇಲ್ಲಿ ಓದುತ್ತೇನೆ. ಇದನ್ನು ಮಾತ್ರ ಸುಮ್ಮನೆ ಓದಿಕೊಂಡು ಹೋಗಲು ಆಗಲಿಲ್ಲ. ಸಿಗಾರ್ ಹೊಗೆ ಕ್ಷಾರದ ಕಡೆಗಿರುವುದರಿಂದಲೇ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕ ನೇರವಾಗಿ ರಕ್ತಕ್ಕೆ ಇಳಿಯುತ್ತದೆ, ಒಳಕ್ಕೆ ಎಳೆಯಬೇಕಾದ ಅಗತ್ಯವೇ ಇಲ್ಲ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪೊಟ್ಟಣ ಸಿಗರೇಟಿನಷ್ಟು ತಂಬಾಕು ಇರಬಲ್ಲದು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್‌ಗೆ ಸಿಗಾರ್ ಕಾರಣವಾಗುತ್ತದೆ ಎಂಬುದರಲ್ಲಿ ವೈದ್ಯಲೋಕಕ್ಕೆ ಸಂದೇಹವಿಲ್ಲ. ಕೈಯಲ್ಲಿ ಸುತ್ತಿದರೆ ಹೊಗೆ ಶುದ್ಧವಾಗುವುದಿಲ್ಲ. ಎಲೆ ಉರಿದಾಗ ಹುಟ್ಟುವ ವಿಷ ಎಲೆಯದೇ. ನೀವು ಈವರೆಗೆ ಸೇದದವರಾದರೆ ಶುರು ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಹದಗಾರ:
ಬಿಟ್ಟವನು ಹೇಳಿದ ಒಂದಕ್ಷರವೂ ಅಳಿಸುವಂಥದ್ದಲ್ಲ. ನಾನು ವಾರಕ್ಕೆ ಒಂದಕ್ಕಿಂತ ಹೆಚ್ಚು ಹಚ್ಚುವುದಿಲ್ಲ, ಅದೂ ನಿರಪಾಯ ಎಂದು ನಂಬಿ ಅಲ್ಲ.

ಬಿಳಿಬೂದಿ:
ಸೇದದಿದ್ದರೂ ಎಲೆಯಿಂದ ಎಚ್ಚರ ಬೇಕು. ಒಂದು ಸಲ ಮಧ್ಯಾಹ್ನವಿಡೀ ಒದ್ದೆ ಲಿಗೆರೊದ ದಂಟು ಕೀಳುತ್ತಾ ಕುಳಿತೆ. ಬೆರಳೆಲ್ಲ ಕಂದು ಅಂಟು. ಸಂಜೆ ತಲೆ ತಿರುಗಿ, ಬೆವರು ಬಂದು, ಹೊಟ್ಟೆ ತೊಳಸಿ ಮಲಗಿಬಿಟ್ಟೆ. ಆ ದಿನ ಒಂದನ್ನೂ ಸೇದಿರಲಿಲ್ಲ. ನಿಕೋಟಿನ್ ನೀರಲ್ಲಿ ಕರಗಿ ಚರ್ಮದಿಂದಲೂ ಒಳಹೋಗುತ್ತದೆ. ಹೊಲದಲ್ಲಿ ಒದ್ದೆ ಎಲೆ ಕೊಯ್ಯುವವರಿಗೆ ಇದೇ ಕಾಯಿಲೆ ಬರುತ್ತದೆ. ಅಂದಿನಿಂದ ತೆಳು ಕೈಗವಸು ಇಲ್ಲದೆ ಒದ್ದೆ ಎಲೆ ಮುಟ್ಟುವುದಿಲ್ಲ. ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ಎಲೆಯ ಚೀಲ ಬೀಗದೊಳಗೆ ಇರಲಿ.

ಎಲೆಸುರುಳಿ:
ಸೀಳಿದೆ. ಬರೆಯಲು ಎರಡು ದಿನ ತಡವಾಯಿತು, ಒಂದಾದ ಮೇಲೊಂದು ಸೀಳುತ್ತಲೇ ಹೋದೆ. ಒಟ್ಟು ಆರು.

ಎಳೆಯದ ನಾಲ್ಕರಲ್ಲೂ ಒಂದೇ ಕಥೆ. ತಲೆಯಿಂದ (ಬಾಯಿಗಿಡುವ ತುದಿಯಿಂದ) ಒಂದು ಅಂಗುಲ ಕೆಳಗೆ ಎಲೆಗಳು ಹಗ್ಗದಂತೆ ಹೊಸೆದುಕೊಂಡಿವೆ. ಅಲ್ಲಿ ಎಲೆ ಬೇರೆ, ಎಲೆ ಬೇರೆ ಎಂದು ಕಾಣುವುದೇ ಇಲ್ಲ; ಬ್ಲೇಡಿಗೆ ಮರದ ತುಂಡಿನಂತೆ ತಡೆಯಿತು. ಉಗುರಿನಿಂದ ಬಿಡಿಸಲು ನೋಡಿದೆ, ಪದರ ಬಿಡಲಿಲ್ಲ, ಪುಡಿಯಾಯಿತು. ಎರಡರಲ್ಲಿ ಉದ್ದ ಹೆಚ್ಚಾಗಿ ಮಡಿಚಿದ್ದ ತುದಿಯೂ ಅಲ್ಲೇ ಸಿಕ್ಕಿಕೊಂಡಿತ್ತು.

ಸುರಂಗ ಕೊರೆದ ಎರಡರಲ್ಲಿ ಬೇರೆಯದೇ ನೋಟ. ಮಡಿಚಿದ ಎಲೆಗಳ ನಡುವೆ ಪೆನ್ಸಿಲ್ ತೂರುವಷ್ಟು ಒಂದೇ ಒಂದು ದಾರಿ, ಸುತ್ತಲೂ ಗಟ್ಟಿ ಗೋಡೆ. ಗಾಳಿಯೆಲ್ಲ ಆ ಒಂದು ದಾರಿಯಲ್ಲೇ ನುಗ್ಗಿ ಬೆಂಕಿಯನ್ನು ಒಳಕ್ಕೆ ಎಳೆದುಕೊಂಡು ಹೋಗಿದೆ. ಅಂದರೆ ಎರಡೂ ತೊಂದರೆಯ ಬೇರು ಒಂದೇ. ಇಷ್ಟು ದಿನ ಒಂದು ಬಿಗಿ, ಒಂದು ಸಡಿಲ ಎಂದುಕೊಂಡಿದ್ದೆ.

ಬಿಳಿಬೂದಿ:
ಇದನ್ನೇ ನಾನು ಹೇಳಿದ್ದು. ಬೇರೆ ಯಾರ ಮಾತಿಗಿಂತಲೂ ಆ ಬ್ಲೇಡಿನ ಮಾತು ನೆನಪಲ್ಲಿ ಉಳಿಯುತ್ತದೆ.

ಅಚ್ಚುಮೆಚ್ಚು:
ಒಪ್ಪಿದೆ. ಹಗ್ಗ ಹೊಸೆದದ್ದನ್ನು ಅಚ್ಚು ಬಿಡಿಸುವುದಿಲ್ಲ. ಹೂರಣ ಕಲಿತ ಮೇಲೆ ಅಚ್ಚಿನ ಮಾತಾಡೋಣ. ಅಲ್ಲಿಯವರೆಗೆ ಸ್ವಲ್ಪ ದಪ್ಪನೆಯ ಬಿಳಿ ಕಾಗದವನ್ನು ಕಟ್ಟಿನ ಸುತ್ತ ಬಿಗಿಯಾಗಿ ಸುತ್ತಿ, ಅಂಚಿಗೆ ಟೇಪು ಹಚ್ಚಿ ಒಂದು ಗಂಟೆ ಬಿಡಿ. ನಾನೂ ಶುರುಮಾಡಿದ್ದು ಹಾಗೆಯೇ.

ತಕ್ಕಡಿ:
ಮಿಶ್ರಣದ ಬಗ್ಗೆ ನನ್ನದೊಂದು ಒತ್ತಾಯ. ನಾಲ್ಕೂ ಎಲೆಯನ್ನು ಸೇರಿಸುವ ಮೊದಲು ಒಂದೊಂದನ್ನೇ ಬೇರೆಯಾಗಿ, ಬೆರಳುದ್ದ ಸುತ್ತಿ ನಾಲ್ಕಾರು ದಮ್ಮು ಎಳೆದು ನೋಡಿ, ಆಗಲೇ ಬರೆದಿಡಿ. ಲಿಗೆರೊ ಒಂದನ್ನೇ ಸೇದಿದವರಿಗೆ ಅದನ್ನು ಎಷ್ಟು ಹಾಕಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನನ್ನ ಈಗಿನ ಮಿಶ್ರಣ ಸೆಕೊ 5.5 ಗ್ರಾಂ, ವೊಲಾಡೊ 2.5, ಲಿಗೆರೊ 2. ಲಿಗೆರೊವನ್ನು ಎರಡೂವರೆಗೆ ಏರಿಸಿದಾಗ ಉರಿ ನಿಂತು ನಿಂತು ಹೋಯಿತು, ಒಂದೂವರೆಗೆ ಇಳಿಸಿದಾಗ ಕೊನೆಯ ಮೂರನೇ ಭಾಗ ಸಪ್ಪೆಯಾಯಿತು. ಅರ್ಧ ಗ್ರಾಂನಲ್ಲಿ ಇಷ್ಟು ವ್ಯತ್ಯಾಸ ಎಂದು ಬರೆದಿಡದಿದ್ದರೆ ನಾನೇ ನಂಬುತ್ತಿರಲಿಲ್ಲ.

ನಿಧಾನಗತಿ:
ನಾನು ಆರು ಗಿಡ ಬೆಳೆದು ಅದರ ಎಲೆಯನ್ನೇ ಸುತ್ತುತ್ತೇನೆ (ನೀವಿರುವಲ್ಲಿ ಬೆಳೆಯಲು ಅನುಮತಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ). ಬೀಜ ಧೂಳಿನಷ್ಟು ಸಣ್ಣದು, ಒಂದು ಗ್ರಾಂನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ಮಣ್ಣೊಳಗೆ ಹೂಳದೆ ಮೇಲೆಯೇ ಉದುರಿಸಬೇಕು. ಒಣಗಿಸಿದ ಮಾತ್ರಕ್ಕೆ ಎಲೆ ಸಿಗಾರ್‌ಗೆ ಬರುವುದಿಲ್ಲ, ಮೂಗಿಗೆ ಅಮೋನಿಯಾ ಹೊಡೆಯುತ್ತದೆ. ದೊಡ್ಡ ರಾಶಿ ತಾನಾಗಿ ಬಿಸಿಯೇರಿ ಹುದುಗುತ್ತದೆ. ಆರು ಗಿಡದ ಎಲೆಗೆ ಆ ಬಿಸಿ ಹುಟ್ಟುವುದಿಲ್ಲ. ಅದಕ್ಕೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಸುಮಾರು 50 ಡಿಗ್ರಿ ಶಾಖ, ಶೇ 70ರ ತೇವ ಹಿಡಿದು ಆರು ವಾರ ಇಡುತ್ತೇನೆ. ಮೊದಲ ವಾರ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುತ್ತದೆ. ಐದನೇ ವಾರಕ್ಕೆ ಅದೇ ಪೆಟ್ಟಿಗೆಯಿಂದ ಒಣ ಹುಲ್ಲು, ಚರ್ಮ, ಕೋಕೋ ಬೆರೆತ ವಾಸನೆ ಏಳುತ್ತದೆ. ಆ ದಿನಕ್ಕಾಗಿ ವರ್ಷವಿಡೀ ಕಾಯುತ್ತೇನೆ.

ಹೊಸಕೈ:
ಹುಳುವಿನ ವಿಷಯ ಯಾರಾದರೂ ಹೇಳುತ್ತೀರಾ? ಸ್ನೇಹಿತರೊಬ್ಬರ ಡಬ್ಬಿಯಲ್ಲಿ ಎಲ್ಲ ಸಿಗಾರ್‌ಗೂ ಸೂಜಿ ಚುಚ್ಚಿದಂತೆ ತೂತು ಬಿದ್ದಿದೆಯಂತೆ.

ಮೂರನೇ ಎಲೆ:
ತಂಬಾಕು ಜೀರುಂಡೆ, ಎರಡು ಮೂರು ಮಿಲಿಮೀಟರ್‌ನ ಕಂದು ಹುಳು. ಮೊಟ್ಟೆ ಎಲೆಯೊಂದಿಗೇ ಬಂದಿರುತ್ತದೆ, ಸೆಖೆ ಏರಿದಾಗ ಒಡೆಯುತ್ತದೆ. ಎಲೆ ಮನೆಗೆ ಬಂದ ಕೂಡಲೇ ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ, ನಾಲ್ಕು ದಿನ ಇಡಿ. ಆಮೇಲೆ ಒಂದು ದಿನ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, ಆಮೇಲೆ ಹೊರಗೆ. ಚೀಲವನ್ನು ತಣ್ಣಗಿರುವಾಗ ತೆರೆಯಬೇಡಿ, ಎಲೆಯ ಮೇಲೆ ನೀರು ಕಟ್ಟುತ್ತದೆ.

ಹದಗಾರ:
ಡಬ್ಬಿಯ ತೇವಮಾಪಕವನ್ನೂ ನಂಬುವ ಮೊದಲು ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಸರಿನಂತಾಗುವಷ್ಟೇ ನೀರು ಹಾಕಿ, ಮಾಪಕದ ಜೊತೆ ಮುಚ್ಚಿದ ಚೀಲದಲ್ಲಿ ಒಂದು ದಿನ ಇಡಿ. ಶೇ 75 ತೋರಿಸಬೇಕು. ನನ್ನದು 69 ತೋರಿಸುತ್ತಿತ್ತು. ಅಷ್ಟು ದಿನ ನಾನು 68 ಎಂದುಕೊಂಡಿದ್ದುದು ನಿಜವಾಗಿ 74, ಬೂಷ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಡಬ್ಬಿಯಲ್ಲಿ ಶೇ 65ರ ಆಸುಪಾಸು ಇದ್ದರೆ ಮನೆಯಲ್ಲಿ ಸುತ್ತಿದ್ದಕ್ಕೆ ಒಳ್ಳೆಯದು.

ಪದಸಂಗಾತಿ:
ಸುತ್ತುವಾಗ ಕಿವಿಗೆ ಏನು ಹಾಕಿಕೊಳ್ಳುತ್ತೀರಿ? ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಿ ಹೇಳುವವರು ಇರುತ್ತಾರೆ. ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ 1865ರಲ್ಲಿ ಶುರುವಾದ ಪದ್ಧತಿ ಅದು. ಓದುವವರ ಸಂಬಳವನ್ನು ಕೆಲಸಗಾರರೇ ಒಟ್ಟುಗೂಡಿಸಿ ಕೊಡುತ್ತಿದ್ದರು. ಕೈ ಎಲೆಯಲ್ಲಿ, ಕಿವಿ ಕಥೆಯಲ್ಲಿ. ನನಗೆ ಇಡೀ ಕಸುಬಿನಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

ತಕ್ಕಡಿ:
ನಾನು ಏನೂ ಹಾಕಿಕೊಳ್ಳುವುದಿಲ್ಲ, ಎಲೆಯ ಸದ್ದು ಕೇಳಬೇಕು.

ಎಲೆಸುರುಳಿ:
ಎಂಟು ವಾರಗಳ ಬಳಿಕ ಬರೆಯುತ್ತಿದ್ದೇನೆ. ಹದಗಾರರು ಹೇಳಿದಂತೆ ಹೂರಣದ ಎಲೆಯನ್ನು ಬೇರೆ ಇಟ್ಟು, ಕಿವಿಗೆ ಹಿಡಿದು ನೋಡಿ, ಕೊಳವೆ ಮಾಡಿ ಸುತ್ತಿದೆ. ಹಳದಿ ಎಲೆ ಬಿಟ್ಟೆ. ಹತ್ತು ಸುತ್ತಿದೆ, ಎಲ್ಲಕ್ಕೂ 10 ಗ್ರಾಂ, ಕಾಗದದಲ್ಲಿ ಒಂದು ಗಂಟೆ. ಆರು ವಾರ ಕಾದೆ. ಈಚಿನ ಎರಡು ವಾರದಲ್ಲಿ ನಾಲ್ಕು ಹಚ್ಚಿದೆ, ನಾಲ್ಕರಲ್ಲೂ ಗಾಳಿ ಸಲೀಸಾಗಿ ಬಂತು. ನಾಲಿಗೆ ಕಚ್ಚಲಿಲ್ಲ. ಮೂರನೆಯದು ಮಾತ್ರ ಒಂದೇ ಬದಿ ಉರಿದು ದೋಣಿಯಾಯಿತು. ನಂದಿಸಿ ಸೀಳಿದೆ: ಲಿಗೆರೊ ನಡುವಿನಿಂದ ಜಾರಿ ಕಟ್ಟೆಲೆಗೆ ತಾಗಿಕೊಂಡು ಕೂತಿತ್ತು. ನಾಲ್ಕನೆಯದರಲ್ಲಿ ಬೂದಿ ಒಂದೂವರೆ ಅಂಗುಲ ಬೀಳದೆ ನಿಂತಿತು. ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದೆ.

ಈಗ ಉಳಿದದ್ದು ತಲೆಯ ಟೋಪಿ, ಅಂದರೆ ಆ ತುದಿಯನ್ನು ಮುಚ್ಚುವ ಎಲೆಯ ತುಂಡು. ಕತ್ತರಿಸುವಾಗ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಪೆಕ್ಟಿನ್ ಹಚ್ಚಲೋ, ಟ್ರ್ಯಾಗಕಾಂತ್ ಗೋಂದು ಹಚ್ಚಲೋ?

ಅಚ್ಚುಮೆಚ್ಚು:
ಪೆಕ್ಟಿನ್. ಬೇಗ ಹಿಡಿಯುತ್ತದೆ, ರುಚಿ ಇಲ್ಲ.

ಹದಗಾರ:
ಎರಡೂ ನಡೆಯುತ್ತವೆ, ಗೋಂದಿನ ತಪ್ಪಲ್ಲ ಅದು. ಹೊದಿಕೆಯ ಕೊನೆಯ ಎರಡು ಅಂಗುಲ ಸುತ್ತುವಷ್ಟರಲ್ಲಿ ಎಲೆ ಒಣಗಿಬಿಟ್ಟಿರುತ್ತದೆ. ಆ ತುದಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟುಕೊಂಡೇ ಸುತ್ತಿ. ಟೋಪಿಗೆ ಅದೇ ಎಲೆಯ ಉಳಿಕೆಯಿಂದ ನಾಣ್ಯದಷ್ಟು ಗುಂಡಗೆ ಕತ್ತರಿಸಿ, ನರ ಇಲ್ಲದ ಜಾಗ ನೋಡಿ. ಗೋಂದು ಒಂದು ಬೆರಳಿನ ತುದಿಯಷ್ಟೇ. ಹೆಬ್ಬೆರಳಿನಿಂದ ನಡುವಿನಿಂದ ಹೊರಕ್ಕೆ ಸವರಿ, ತಲೆ ಕೆಳಗಾಗದಂತೆ ರಾತ್ರಿಯಿಡೀ ಬಿಡಿ. ಮುಂದಿನ ಆರರಲ್ಲಿ ಮೂರಕ್ಕೆ ಪೆಕ್ಟಿನ್, ಮೂರಕ್ಕೆ ಟ್ರ್ಯಾಗಕಾಂತ್ ಹಚ್ಚಿ, ಯಾವುದು ಬಿಚ್ಚಿಕೊಂಡಿತು ಎಂದು ಬಂದು ಹೇಳಿ.